ಊಟ-ತಿಂಡಿಯ ಇಂಗ್ಲಿಷ್ ನುಡಿಗಟ್ಟುಗಳ ಮೂಲ ಹುಡುಕುವುದು ಹೇಗೆ? ‘ರೆಡ್ ಹೆರಿಂಗ್’ ಹಿಡಿದು ಹಂತ ಹಂತವಾಗಿ

ಇಂಗ್ಲಿಷ್ ನುಡಿಗಟ್ಟಿನಲ್ಲಿ ಉಪ್ಪೋ ಬೆಣ್ಣೆಯೋ ಮೀನೋ ಇದ್ದರೆ ಅದರ ಬೆನ್ನಿಗೆ ಒಂದು ಕಥೆ ಅಂಟಿಕೊಂಡೇ ಬರುತ್ತದೆ. ವಾಟ್ಸಾಪ್‌ನಲ್ಲಿ ಓಡಾಡುತ್ತದೆ, ರೀಲ್ಸ್ ಆಗುತ್ತದೆ, ಶಾಲೆಯ ಗೋಡೆಪತ್ರಿಕೆಗೂ ಏರುತ್ತದೆ. ಅಂಥ ಕಥೆಗಳಲ್ಲಿ ಸುಳ್ಳೇ ಜಾಸ್ತಿ. ‘ಪರಿಶೀಲಿಸಿಯೇ ಬರೆಯುತ್ತೇನೆ’ ಎಂದು ಕೂತವರೂ ಎಡವುತ್ತಾರೆ. ಎಡವುವ ಜಾಗ ಮಾತ್ರ ಎಲ್ಲರಿಗೂ ಒಂದೇ: ಮೊದಲು ಕಥೆ ಓದುತ್ತಾರೆ, ಆಮೇಲೆ ಅದಕ್ಕೆ ಪುರಾವೆ ಹುಡುಕುತ್ತಾರೆ. ಪುರಾವೆ ಸಿಕ್ಕಂತೆಯೂ ಆಗುತ್ತದೆ, ಯಾಕೆಂದರೆ ಅದೇ ಕಥೆಯನ್ನು ನಕಲು ಮಾಡಿದ ಪುಟಗಳಿಗೆ ಇಂಟರ್ನೆಟ್‌ನಲ್ಲಿ ಬರವಿಲ್ಲ.

ಹಾಗಾಗಿ ಇಲ್ಲಿ ಕ್ರಮವನ್ನೇ ತಿರುಗಿಸಿದ್ದೇನೆ. ಮೊದಲು ಅರ್ಥ, ಆಮೇಲೆ ಇಸವಿ, ಕಥೆ ಕೊನೆಗೆ. ಉದ್ದಕ್ಕೂ ‘ರೆಡ್ ಹೆರಿಂಗ್’ ಎಂಬ ಮಾತನ್ನೇ ಹಿಡಿದುಕೊಂಡು ಹೋಗೋಣ. ನಡುವೆ ಬೇಕಾದ ಕಡೆ ಬೇರೆ ಉದಾಹರಣೆಗಳೂ ಬರುತ್ತವೆ.

ಶುರು ಮಾಡುವ ಮೊದಲು: ಏನೇನು ಬೇಕು

ದುಡ್ಡಿಲ್ಲದೆ ಸಿಗುವ ಸಾಧನಗಳೇ ಬೇಕಾದಷ್ಟಿವೆ. ಒಂದೊಂದನ್ನೂ ಬೇರೆ ಟ್ಯಾಬ್‌ನಲ್ಲಿ ತೆರೆದಿಟ್ಟುಕೊಳ್ಳಿ.

ಮೊದಲನೆಯದು ಪದಗಳ ಮೂಲ ಹೇಳುವ ಎಟಿಮಾನ್‌ಲೈನ್ ವೆಬ್‌ಸೈಟ್. ಪದ ಯಾವ ಕಾಲದಲ್ಲಿ, ಯಾವ ಅರ್ಥದಲ್ಲಿ ಕಾಣಿಸಿಕೊಂಡಿತು ಎಂದು ಇಲ್ಲಿ ಬೇಗ ಗೊತ್ತಾಗುತ್ತದೆ. ಎರಡನೆಯದು ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ. ಇದರ ಈಗಿನ ಆವೃತ್ತಿಗೆ ಚಂದಾ ಬೇಕು. 1884ರಿಂದ 1928ರವರೆಗೆ ಕಂತುಕಂತಾಗಿ ಬಂದ ಹಳೆಯ ಆವೃತ್ತಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತ. ಆದರೆ ಅದರ ಇಸವಿಗಳನ್ನು ಕೊನೆಯ ಮಾತು ಎಂದುಕೊಳ್ಳಬೇಡಿ, ಆಮೇಲೆ ಇನ್ನೂ ಹಳೆಯ ಸಾಲುಗಳು ಎಷ್ಟೋ ಸಿಕ್ಕಿವೆ.

ಹಳೆಯ ಪುಸ್ತಕಗಳ ಒಳಗೆ ಹುಡುಕಲು ಗೂಗಲ್ ಬುಕ್ಸ್ ಮತ್ತು ಹಾತಿಟ್ರಸ್ಟ್. ಅಮೆರಿಕದ ಮಾತಾದರೆ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನ ‘ಕ್ರಾನಿಕ್ಲಿಂಗ್ ಅಮೆರಿಕ’ ಪತ್ರಿಕಾ ಸಂಗ್ರಹ. ಇಂಗ್ಲಿಷಿನ ಮಾತು ಭಾರತದಿಂದ ಹೋದದ್ದು ಅನ್ನುವ ವಾದ ಬಂದರೆ 1886ರ ‘ಹಾಬ್ಸನ್-ಜಾಬ್ಸನ್’ ಕೋಶ. ಮೈಕಲ್ ಕ್ವಿನಿಯನ್ ನಡೆಸುತ್ತಿದ್ದ ‘ವರ್ಲ್ಡ್ ವೈಡ್ ವರ್ಡ್ಸ್’ ಲೇಖನಗಳನ್ನೂ ಗುರುತು ಹಾಕಿಕೊಳ್ಳಿ, ಆದರೆ ಈಗಲೇ ಓದಬೇಡಿ. ಅದರ ಸರದಿ ಕೊನೆಗೆ.

ಕಾಗದ, ಪೆನ್ನು ಇರಲಿ. ಮೂರು ಕಾಲಂ ಎಳೆಯಿರಿ: ಇಸವಿ, ಸಾಲು, ಆ ಸಾಲಿನಲ್ಲಿ ಅರ್ಥವೇನು. ನಾಲ್ಕನೆಯ ಕಾಲಂ ಬೇಡ.

ಹಂತ 1: ಇವತ್ತಿನ ಅರ್ಥವನ್ನು ಒಂದೇ ಸಾಲಲ್ಲಿ ಬರೆಯಿರಿ

‘ರೆಡ್ ಹೆರಿಂಗ್’ ಎಂದರೆ ನಿಜವಾದ ವಿಷಯದಿಂದ ಗಮನವನ್ನು ಬೇರೆ ಕಡೆ ಎಳೆಯುವ ಸಂಗತಿ. ಪತ್ತೇದಾರಿ ಕಥೆಯಲ್ಲಿ ತಪ್ಪು ಮನುಷ್ಯನ ಮೇಲೆ ಅನುಮಾನ ಹುಟ್ಟಿಸುವ ಸುಳಿವು, ಚರ್ಚೆಯಲ್ಲಿ ಮಧ್ಯೆ ಎಸೆಯುವ ಸಂಬಂಧವಿಲ್ಲದ ಮಾತು.

ಇಷ್ಟು ಬರೆದ ಮೇಲೆ ಅದೇ ಪದಕ್ಕೆ ಬೇರೆ ಅರ್ಥ ಇದೆಯಾ ನೋಡಿ. ಇಲ್ಲಿ ಇದೆ. ಷೇರು ಮಾರುಕಟ್ಟೆಯ ಸುದ್ದಿ ಓದುವವರಿಗೆ ‘ರೆಡ್ ಹೆರಿಂಗ್ ಪ್ರಾಸ್ಪೆಕ್ಟಸ್’ ಗೊತ್ತು. ಐಪಿಒಗೆ, ಅಂದರೆ ಮೊದಲ ಸಲ ಜನರಿಗೆ ಷೇರು ಮಾರಲು ಬರುವ ಕಂಪನಿ ಹೊರಡಿಸುವ ಈ ದಾಖಲೆಯಲ್ಲಿ ಷೇರಿನ ಬೆಲೆ ಅಥವಾ ಸಂಖ್ಯೆಯ ಪೂರ್ತಿ ವಿವರ ಇರುವುದಿಲ್ಲ. 2013ರ ಕಂಪನಿ ಕಾಯ್ದೆಯ 32ನೇ ಸೆಕ್ಷನ್‌ನಲ್ಲಿ ಇದರ ವ್ಯಾಖ್ಯೆಯೇ ಇದೆ. ಅಮೆರಿಕದಲ್ಲಿ ಇಂಥ ದಾಖಲೆಯ ಮುಖಪುಟದಲ್ಲಿ ‘ಇದು ಅಂತಿಮವಲ್ಲ’ ಎಂದು ಕೆಂಪು ಶಾಯಿಯಲ್ಲಿ ಅಚ್ಚು ಹಾಕುತ್ತಿದ್ದರು, ಹೆಸರಿಗೆ ಅದೇ ಕಾರಣ ಎನ್ನುತ್ತಾರೆ. ಇದು ನಾವು ಹುಡುಕುವ ಅರ್ಥಕ್ಕಿಂತ ಎಷ್ಟೋ ಈಚಿನದು. ಎರಡನ್ನೂ ಬೆರೆಸಿದರೆ ಮುಂದಿನ ಹುಡುಕಾಟವೆಲ್ಲ ಕಲಸುಮೇಲೋಗರ. ಬೇರೆ ಹಾಳೆಯಲ್ಲಿ ಬರೆದು ಪಕ್ಕಕ್ಕಿಡಿ.

ಹಂತ 2: ಆ ತಿನಿಸು ನಿಜಕ್ಕೂ ಏನು ಎಂದು ತಿಳಿಯಿರಿ

ಈ ಹಂತವನ್ನು ಬಹಳ ಜನ ಹಾರಿಸುತ್ತಾರೆ. ‘ಕೆಂಪು ಬಣ್ಣದ ಒಂದು ಮೀನು’ ಎಂದು ಬರೆದು ಮುಂದೆ ಹೋಗಿಬಿಡುತ್ತಾರೆ. ಅಂಥ ಮೀನೇ ಇಲ್ಲ.

ಹೆರಿಂಗ್ ಉತ್ತರ ಅಟ್ಲಾಂಟಿಕ್ ಕಡೆಯ ಮೀನು. ನಮ್ಮ ಕರಾವಳಿಯ ಬೂತಾಯಿ ಇದೇ ಕುಟುಂಬಕ್ಕೆ ಸೇರಿದ್ದು. ಹಸಿ ಹೆರಿಂಗ್ ಬೆಳ್ಳಿಯ ಬಣ್ಣಕ್ಕಿರುತ್ತದೆ. ಅದಕ್ಕೆ ಚೆನ್ನಾಗಿ ಉಪ್ಪು ಹಿಡಿಸಿ, ದಿನಗಟ್ಟಲೆ ಹೊಗೆಯಲ್ಲಿ ತೂಗುಹಾಕಿದರೆ ಕೆಂಪುಗಂದು ಬಣ್ಣಕ್ಕೆ ತಿರುಗುತ್ತದೆ. ಹಾಗೆ ಸಂಸ್ಕರಿಸಿದ್ದೇ ‘ರೆಡ್ ಹೆರಿಂಗ್’. ತಿಂಗಳುಗಟ್ಟಲೆ ಕೆಡುವುದಿಲ್ಲ, ಘಾಟು ಮಾತ್ರ ಜೋರು. ಇಂಗ್ಲೆಂಡಿನ ಪೂರ್ವ ಕರಾವಳಿಯ ಗ್ರೇಟ್ ಯಾರ್ಮತ್ ಊರು ಇದಕ್ಕೆ ಹೆಸರುವಾಸಿ. ಅಲ್ಲಿನ ಹಳೆಯ ಹೊಗೆಮನೆಯೊಂದು ಈಗ ವಸ್ತುಸಂಗ್ರಹಾಲಯ.

ಬಣ್ಣ, ವಾಸನೆ, ಬಾಳಿಕೆ, ಯಾರು ತಿನ್ನುತ್ತಿದ್ದರು, ಈ ನಾಲ್ಕು ಗೊತ್ತಾದರೆ ಸಾಕು. ಇದು ಮುಂದೆ ಹೇಗೆ ಕೆಲಸಕ್ಕೆ ಬರುತ್ತದೆ ಎನ್ನುವುದಕ್ಕೆ ‘ಹಂಬಲ್ ಪೈ’ ನೋಡಿ. ತಪ್ಪೊಪ್ಪಿಕೊಂಡು ತಲೆ ತಗ್ಗಿಸುವುದಕ್ಕೆ ‘ಈಟ್ ಹಂಬಲ್ ಪೈ’ ಎನ್ನುತ್ತಾರೆ. ‘ಅಂಬಲ್ಸ್’ ಎಂದರೆ ಜಿಂಕೆಯ ಕರುಳು, ಪಿತ್ತಜನಕಾಂಗ ಮುಂತಾದ ಒಳಭಾಗ. ಧಣಿಗಳು ಮಾಂಸ ತಿಂದು ಆಳುಗಳಿಗೆ ಇದರ ಪೈ ಕೊಡುತ್ತಿದ್ದರು, ಅದಕ್ಕೇ ಅವಮಾನದ ಅರ್ಥ ಬಂತು ಎನ್ನುವುದು ಎಲ್ಲರೂ ಹೇಳುವ ಕಥೆ. ಆದರೆ ಸ್ಯಾಮ್ಯುಯೆಲ್ ಪೀಪ್ಸ್ ಎಂಬ ದೊಡ್ಡ ಅಧಿಕಾರಿ 1663ರ ಜುಲೈ 8ರ ದಿನಚರಿಯಲ್ಲಿ, ಪರಿಚಯದ ಹೆಂಗಸೊಬ್ಬರು ಬಿಸಿಬಿಸಿ ಅಂಬಲ್ ಪೈ ತಂದುಕೊಟ್ಟದ್ದನ್ನು ಖುಷಿಯಿಂದಲೇ ಬರೆದಿದ್ದಾನೆ. ಆಳುಗಳ ಪಾಲಿನ ತಿನಿಸು ಎನ್ನುವ ಮಾತು ಅಲ್ಲಿಗೇ ಸಡಿಲವಾಯಿತು. ಅವಮಾನದ ಅರ್ಥ ಕಾಣಿಸುವುದು 19ನೇ ಶತಮಾನದಲ್ಲಿ. ‘ಅಂಬಲ್’ಗೂ ವಿನಯ ಎನ್ನುವ ‘ಹಂಬಲ್’ಗೂ ಹುಟ್ಟಿನಲ್ಲಿ ನಂಟಿಲ್ಲ, ಉಚ್ಚಾರ ಹತ್ತಿರವಿದ್ದದ್ದರಿಂದ ಯಾರೋ ಶ್ಲೇಷೆ ಮಾಡಿದರು. ತಿನಿಸು ನಿಜ, ಶ್ಲೇಷೆ ನಿಜ, ಆಳುಗಳ ಕಥೆ ಮಾತ್ರ ಆಮೇಲೆ ಅಂಟಿಸಿದ್ದು.

ಹಂತ 3: ಇಸವಿ ಹಿಡಿಯಿರಿ

ಇದೇ ಹೆಚ್ಚು ಹೊತ್ತು ತಿನ್ನುವ ಹಂತ. ಅವಸರ ಮಾಡಬೇಡಿ.

ಮೊದಲು ನಿಘಂಟು ಕೊಡುವ ಇಸವಿ ಬರೆದುಕೊಳ್ಳಿ. ಪದಾರ್ಥಕ್ಕೊಂದು ಇಸವಿ, ನುಡಿಗಟ್ಟಿನ ಅರ್ಥಕ್ಕೊಂದು ಇಸವಿ ಇರುತ್ತದೆ, ಎರಡನ್ನೂ ಬೇರೆಯಾಗಿಡಿ. ‘ರೆಡ್ ಹೆರಿಂಗ್’ ತಿನ್ನುವ ಮೀನಾಗಿ ಇಂಗ್ಲಿಷ್‌ನಲ್ಲಿ ಇದ್ದದ್ದು 15ನೇ ಶತಮಾನದ ಹೊತ್ತಿಗೇ. ದಾರಿ ತಪ್ಪಿಸುವ ಅರ್ಥ ಜನರ ಬಾಯಿಗೆ ಬಂದದ್ದು 19ನೇ ಶತಮಾನದಲ್ಲಿ. ಮೊದಲನೆಯ ಇಸವಿಯನ್ನು ಎರಡನೆಯದಕ್ಕೆ ಹಾಕುವುದೇ ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು.

ಆಮೇಲೆ ಗೂಗಲ್ ಬುಕ್ಸ್‌ಗೆ ಹೋಗಿ. ನುಡಿಗಟ್ಟನ್ನು ಉದ್ಧರಣ ಚಿಹ್ನೆಯೊಳಗೆ ಟೈಪ್ ಮಾಡಿ, ಟೂಲ್ಸ್ ಒತ್ತಿ ಇಸವಿಯ ಮಿತಿ ಹಾಕಿ. ನಿಘಂಟಿನ ಇಸವಿಯಿಂದ ಹಿಂದಕ್ಕೆ ಐವತ್ತು ವರ್ಷ ಮಿತಿಯಿಟ್ಟು ಶುರು ಮಾಡಿ, ಏನೂ ಸಿಗದಿದ್ದರೆ ಇನ್ನೂ ಹಿಂದೆ ಹೋಗಿ. ಇಲ್ಲಿ ನಾಲ್ಕು ಗುಂಡಿಗಳಿವೆ.

ಒಂದು, ತಪ್ಪು ಇಸವಿ. ವಾರಪತ್ರಿಕೆ, ಮಾಸಪತ್ರಿಕೆಗಳಿಗೆ ಗೂಗಲ್ ಎಷ್ಟೋ ಸಲ ಮೊದಲ ಸಂಚಿಕೆಯ ಇಸವಿಯನ್ನೇ ಹಾಕುತ್ತದೆ. 1820ರ ಪತ್ರಿಕೆ ಎಂದು ತೋರಿಸಿದ ಪುಟದಲ್ಲಿ ಟೆಲಿಫೋನ್ ಬಗ್ಗೆ ಮಾತಿದ್ದರೆ ಏನಾಗಿದೆ ಅಂತ ಗೊತ್ತಾಯಿತಲ್ವಾ. ಶೀರ್ಷಿಕೆ ಪುಟ ಕಣ್ಣಾರೆ ನೋಡದೆ ಯಾವ ಇಸವಿಯನ್ನೂ ಬರೆದುಕೊಳ್ಳಬೇಡಿ. ಎರಡು ಸಾಲಿನ ತುಣುಕು ಮಾತ್ರ ಕಾಣುತ್ತಿದ್ದರೆ ಅದೇ ಪುಸ್ತಕವನ್ನು ಇಂಟರ್ನೆಟ್ ಆರ್ಕೈವ್‌ನಲ್ಲೋ ಹಾತಿಟ್ರಸ್ಟ್‌ನಲ್ಲೋ ಹುಡುಕಿ.

ಎರಡು, ಉದ್ದ ‘ಎಸ್’. ಸುಮಾರು 1800ರವರೆಗಿನ ಇಂಗ್ಲಿಷ್ ಅಚ್ಚಿನಲ್ಲಿ ‘ಎಸ್’ ಅಕ್ಷರ ಬಹಳ ಕಡೆ ‘ಎಫ್’ ಥರ ಕಾಣುತ್ತದೆ. ಕಂಪ್ಯೂಟರ್ ಅದನ್ನು ‘ಎಫ್’ ಎಂದೇ ಓದುತ್ತದೆ. ಹಾಗಾಗಿ ‘ಸಾಲ್ಟ್’ ಹುಡುಕುವಾಗ ಮೊದಲಕ್ಷರಕ್ಕೆ ‘ಎಫ್’ ಹಾಕಿ ‘ಫಾಲ್ಟ್’ ಎಂದೂ ಹುಡುಕಬೇಕು. ನಗು ಬರಬಹುದು, ಆದರೆ ಇದೊಂದನ್ನು ಬಿಟ್ಟರೆ 18ನೇ ಶತಮಾನದ ಪುಸ್ತಕಗಳ ದೊಡ್ಡ ಪಾಲು ನಿಮಗೆ ಕಾಣುವುದೇ ಇಲ್ಲ.

ಮೂರು, ಕಾಗುಣಿತ. ‘ಹೆರಿಂಗ್’ ಅನ್ನು ಹಳಬರು ಹತ್ತು ಥರ ಬರೆಯುತ್ತಿದ್ದರು. ನಿಘಂಟಿನಲ್ಲಿ ಹಳೆಯ ರೂಪಗಳ ಪಟ್ಟಿ ಇರುತ್ತದೆ, ಅದನ್ನಿಟ್ಟುಕೊಂಡು ಒಂದೊಂದಾಗಿ ಹುಡುಕಿ.

ನಾಲ್ಕು, ಗೂಗಲ್ ಬುಕ್ಸ್‌ನ ಎನ್‌ಗ್ರಾಮ್ ಗ್ರಾಫ್. ಅದು ಪದ ಎಷ್ಟು ಸಲ ಬಂದಿದೆ ಎಂದು ಎಣಿಸುತ್ತದೆ, ಅರ್ಥ ನೋಡುವುದಿಲ್ಲ. ಸಂತೆಯ ಒಣಮೀನೂ ಪತ್ತೇದಾರಿ ಕಥೆಯ ಸುಳಿವೂ ಅದಕ್ಕೆ ಒಂದೇ. ಸುಮ್ನೆ ನೋಡಲು ಸರಿ, ಪುರಾವೆಗೆ ಆಗುವುದಿಲ್ಲ.

ಹಂತ 4: ಸಿಕ್ಕ ಸಾಲನ್ನು ಹಿಂದು-ಮುಂದಿನ ಪುಟ ಸಮೇತ ಓದಿ

ಹಳೆಯ ಸಾಲು ಸಿಕ್ಕ ಖುಷಿಯಲ್ಲಿ ಅಲ್ಲಿಗೇ ನಿಲ್ಲಿಸಬೇಡಿ. ಮೂರು ಪ್ರಶ್ನೆ ಕೇಳಿ. ಇಲ್ಲಿ ನಿಜವಾದ ಪದಾರ್ಥವಿದೆಯೋ, ಬರೀ ಮಾತೋ? ಅದರ ಜೊತೆ ಬಂದ ಕ್ರಿಯಾಪದ ಯಾವುದು? ಲೇಖಕ ಅದನ್ನು ಓದುಗರಿಗೆ ವಿವರಿಸುತ್ತಿದ್ದಾನೋ, ಗೊತ್ತಿರುವ ಮಾತಿನ ಹಾಗೆ ಆಡಿ ಮುಂದೆ ಹೋಗುತ್ತಿದ್ದಾನೋ?

ನಮ್ಮ ಮೀನಿಗೆ ಇದನ್ನು ಹಚ್ಚಿ ನೋಡೋಣ. ಥಾಮಸ್ ನ್ಯಾಶ್ ಎಂಬ ಇಂಗ್ಲಿಷ್ ಲೇಖಕ 1599ರಲ್ಲಿ ಯಾರ್ಮತ್ತಿನ ಹೆರಿಂಗ್ ಮೀನನ್ನು ಹೊಗಳಿ ಒಂದಿಡೀ ಪುಸ್ತಕ ಬರೆದ. ಬೇಟೆನಾಯಿಗಳನ್ನು ವಾಸನೆಗೆ ಎಳೆಯಲು ರೆಡ್ ಹೆರಿಂಗ್ ಚರ್ಮದಂಥದ್ದು ಬೇರೊಂದಿಲ್ಲ ಎಂಬ ಮಾತು ಅದರಲ್ಲಿದೆ. ನಾಯಿ ಇದೆ, ವಾಸನೆ ಇದೆ. ದಾರಿ ತಪ್ಪಿಸುವುದು ಇಲ್ಲ. 1697ರ ಬೇಟೆಯ ಕೈಪಿಡಿಯೊಂದರಲ್ಲಿ ಸತ್ತ ಬೆಕ್ಕನ್ನೋ ನರಿಯನ್ನೋ ನೆಲದ ಮೇಲೆ ಎಳೆದುಕೊಂಡು ಹೋಗಿ, ಅದೂ ಇಲ್ಲದಿದ್ದರೆ ರೆಡ್ ಹೆರಿಂಗ್ ಎಳೆದುಕೊಂಡು ಹೋಗಿ ಎಂಬ ಸಲಹೆ ಇದೆ. ಇದನ್ನು ಓದಿದವರು ‘ನೋಡಿ, ನಾಯಿಗಳ ದಾರಿ ತಪ್ಪಿಸುತ್ತಿದ್ದರು’ ಎಂದುಬಿಟ್ಟರು. ಪುಟ ಪೂರ್ತಿ ಓದಿದರೆ ಅದು ಕುದುರೆಗಳನ್ನು ಪಳಗಿಸುವ ಭಾಗ! ನಾಯಿಗಳ ಹಿಂದೆ ಓಡುವುದು ಕುದುರೆಗೆ ಅಭ್ಯಾಸವಾಗಲಿ ಎಂದು ಮಾಡುತ್ತಿದ್ದ ಕೆಲಸ. ಇಲ್ಲೂ ಮೋಸವಿಲ್ಲ.

ದಾರಿ ತಪ್ಪಿಸುವ ಕಥೆಯನ್ನು ಜನರ ಮುಂದಿಟ್ಟವನು ವಿಲಿಯಂ ಕಾಬೆಟ್ ಎಂಬ ಪತ್ರಕರ್ತ. 1807ರ ಫೆಬ್ರವರಿ 14ರ ತನ್ನ ‘ಪೊಲಿಟಿಕಲ್ ರಿಜಿಸ್ಟರ್’ ವಾರಪತ್ರಿಕೆಯಲ್ಲಿ, ಹುಡುಗನಾಗಿದ್ದಾಗ ಮೊಲದ ಬೆನ್ನು ಹತ್ತಿದ ಬೇಟೆನಾಯಿಗಳನ್ನು ರೆಡ್ ಹೆರಿಂಗ್ ಎಳೆದು ಬೇರೆ ಕಡೆ ಓಡಿಸಿದೆ ಎಂದು ಬರೆದ. ಅದು ಬಾಲ್ಯದ ನೆನಪಿಗಾಗಿ ಬರೆದದ್ದಲ್ಲ. ನೆಪೋಲಿಯನ್ ಸೋತ ಎಂಬ ಸುಳ್ಳು ಸುದ್ದಿಯ ಹಿಂದೆ ಓಡಿ, ದೇಶದೊಳಗಿನ ಮುಖ್ಯ ವಿಷಯಗಳನ್ನು ಮರೆತ ಪತ್ರಿಕೆಗಳನ್ನು ಚುಚ್ಚಲು ಬರೆದದ್ದು. ಕಥೆಯನ್ನು ಪೂರ್ತಿಯಾಗಿ ಬಿಡಿಸಿ ಹೇಳಿದ್ದಾನೆ ಎನ್ನುವುದನ್ನು ಗಮನಿಸಿ. ಓದುಗರಿಗೆ ಈ ಮಾತು ಆಗಲೇ ಬಳಕೆಯಲ್ಲಿದ್ದಿದ್ದರೆ ಅಷ್ಟು ಬಿಡಿಸುವ ಅಗತ್ಯ ಇರುತ್ತಿರಲಿಲ್ಲ. 1833ರಲ್ಲಿ ಮತ್ತೆ ಅದೇ ಕಥೆ ಹೇಳಿದ.

ಕ್ರಿಯಾಪದದ ಪರೀಕ್ಷೆಗೆ ‘ಕೋಲ್ಡ್ ಶೋಲ್ಡರ್’ ಸರಿಯಾದ ಉದಾಹರಣೆ. ಬೇಡದ ಅತಿಥಿ ಬಂದರೆ ತಣ್ಣಗಾದ ಕುರಿ ಭುಜದ ಮಾಂಸ ಬಡಿಸುತ್ತಿದ್ದರಂತೆ, ಕಡೆಗಣಿಸುವ ಅರ್ಥ ಅಲ್ಲಿಂದ ಬಂತಂತೆ. 1816ರಲ್ಲಿ ಬಂದ ವಾಲ್ಟರ್ ಸ್ಕಾಟ್‌ನ ‘ದಿ ಆ್ಯಂಟಿಕ್ವರಿ’ ಕಾದಂಬರಿಯ ಸಾಲು ತೆಗೆದು ನೋಡಿ. ಅಲ್ಲಿ ಕೌಂಟೆಸ್ ತಣ್ಣನೆಯ ಭುಜವನ್ನು ‘ತೋರಿಸುತ್ತಾಳೆ’. ಬಡಿಸುವುದೂ ಇಲ್ಲ, ಯಾರೂ ತಿನ್ನುವುದೂ ಇಲ್ಲ. ಮುಖ ತಿರುಗಿಸಿದರೆ ಎದುರಿನವನಿಗೆ ಕಾಣುವುದು ಭುಜವೇ ತಾನೇ? ಊಟದ ಸುಳಿವೇ ಇಲ್ಲದ ಕಡೆ ಅಡುಗೆಮನೆ ಕಟ್ಟಿದ್ದಾರೆ.

ಹಂತ 5: ಈಗ ಕಥೆ ತೆಗೆಯಿರಿ, ಅಂತರ ಅಳೆಯಿರಿ

ಇಸವಿಗಳ ಪಟ್ಟಿ ಕೈಯಲ್ಲಿದೆ. ಕಥೆ ನಡೆಯಿತು ಎನ್ನುವ ಕಾಲಕ್ಕೂ ನುಡಿಗಟ್ಟು ಬರಹದಲ್ಲಿ ಸಿಕ್ಕ ಕಾಲಕ್ಕೂ ಎಷ್ಟು ವರ್ಷ? ನಡುವೆ ಒಂದಾದರೂ ಸಾಲು ಇದೆಯಾ?

‘ಸ್ಪಿಲ್ ದಿ ಬೀನ್ಸ್’ ಅಂದರೆ ಗುಟ್ಟು ಬಿಟ್ಟುಕೊಡುವುದು. ಹಳೆಯ ಗ್ರೀಸಿನಲ್ಲಿ ಕಾಳು ಹಾಕಿ ಮತ ಎಣಿಸುತ್ತಿದ್ದರು, ಮಡಕೆ ಉರುಳಿ ಗುಟ್ಟು ಹೊರಬಿತ್ತು ಎನ್ನುತ್ತಾರೆ. ಈ ನುಡಿಗಟ್ಟು ಅಮೆರಿಕದಲ್ಲಿ 20ನೇ ಶತಮಾನದ ಆರಂಭದ್ದು. ನಡುವೆ ಎರಡು ಸಾವಿರ ವರ್ಷ ಯಾರೂ ಬಾಯಿ ಬಿಡಲಿಲ್ಲವೇ? ಇದನ್ನು ಪಕ್ಕಕ್ಕಿಡಲು ಎರಡು ನಿಮಿಷ ಸಾಕು.

‘ವಿತ್ ಎ ಗ್ರೇನ್ ಆಫ್ ಸಾಲ್ಟ್’ ಅಷ್ಟು ಸುಲಭ ಅಲ್ಲ. ಹೇಳಿದ್ದನ್ನೆಲ್ಲ ನಂಬದೆ ಸ್ವಲ್ಪ ಅನುಮಾನದಿಂದ ಕೇಳು ಎನ್ನುವ ಅರ್ಥ. ಇದರ ಕಥೆಗೆ ನಿಜವಾದ ಹಳೆಯ ಗ್ರಂಥವೇ ಇದೆ. ಕ್ರಿ.ಶ. 77ರ ಸುಮಾರಿಗೆ ರೋಮಿನ ಪ್ಲಿನಿ ಬರೆದ ಪ್ರಕಾರ, ಪಾಂಟಸ್ ದೇಶದ ದೊರೆ ಮಿತ್ರಿಡೇಟಿಸ್ ಸೋತ ಮೇಲೆ ಅವನ ಖಾಸಗಿ ಕಾಗದಗಳಲ್ಲಿ ಸೇನಾಪತಿ ಪಾಂಪಿಗೆ ವಿಷಕ್ಕೆ ಮದ್ದಿನ ವಿಧಾನ ಸಿಕ್ಕಿತು: ಎರಡು ಒಣ ಅಕ್ರೋಟು, ಎರಡು ಅಂಜೂರ, ಇಪ್ಪತ್ತು ನಾಗದಾಳಿ ಎಲೆ, ಎಲ್ಲ ಅರೆದು ಒಂದು ಹರಳು ಉಪ್ಪು. ಖಾಲಿ ಹೊಟ್ಟೆಯಲ್ಲಿ ತಿಂದರೆ ಆ ದಿನ ಯಾವ ವಿಷವೂ ತಾಕದಂತೆ.

ಸೊಗಸಾದ ಕಥೆ. ಆದರೆ ಅಲ್ಲಿ ಉಪ್ಪು ಬರೀ ಉಪ್ಪು, ಅನುಮಾನದ ಸೊಲ್ಲೇ ಇಲ್ಲ. ಇಂಗ್ಲಿಷ್‌ನಲ್ಲಿ ಈ ಮಾತು ಅನುಮಾನದ ಅರ್ಥದಲ್ಲಿ ಕಾಣುವುದು 17ನೇ ಶತಮಾನದ ನಡುವೆ. ಪ್ಲಿನಿಯನ್ನು ಓದಿದ ಪಂಡಿತರು ಆ ಸಾಲನ್ನು ತಮಾಷೆಗೆ ತಿರುಗಿಸಿರಬಹುದು. ಹಾಗೆಂದು ‘ಇದರ ಮೂಲ ಪ್ಲಿನಿ’ ಎಂದು ಬರೆಯುವಂತಿಲ್ಲ. ‘ಪ್ಲಿನಿಯ ಸಾಲಿಗೆ ಇದನ್ನು ಜೋಡಿಸುವುದುಂಟು’ ಎಂದು ಬರೆಯಿರಿ.

ಇಷ್ಟಾದ ಮೇಲೆ ತಜ್ಞರು ಬರೆದದ್ದನ್ನು ಓದಿ. ರೆಡ್ ಹೆರಿಂಗ್ ಬಗ್ಗೆ 2008ರಲ್ಲಿ ಜೆರಾಲ್ಡ್ ಕೋಹೆನ್ ಮತ್ತು ರಾಬರ್ಟ್ ಸ್ಕಾಟ್ ರಾಸ್ ಹಳೆಯ ದಾಖಲೆ ಕೆದಕಿ ಕಾಬೆಟ್‌ನ ಪಾತ್ರವನ್ನು ಮುಂದಿಟ್ಟರು. ಕ್ವಿನಿಯನ್ ಅದನ್ನು ಸರಳವಾಗಿ ವಿವರಿಸಿದರು. ಜೈಲಿನಿಂದ ತಪ್ಪಿಸಿಕೊಂಡವರು ಪೊಲೀಸ್ ನಾಯಿಗಳನ್ನು ಮೀನು ಎಳೆದು ಏಮಾರಿಸುತ್ತಿದ್ದರು ಎನ್ನುವುದೆಲ್ಲ ಮಾತಿಗೆ ಆಮೇಲೆ ಹುಟ್ಟಿದ ವಿವರಣೆ. ಬೇಟೆಯಲ್ಲಿ ಚಾಲ್ತಿಯಲ್ಲಿದ್ದ ಪದ್ಧತಿಯಿಂದ ಬಂದ ಮಾತು ಇದು ಎನ್ನಲು ಆಧಾರವಿಲ್ಲ. ಒಬ್ಬ ಪತ್ರಕರ್ತ ಹೇಳಿದ ಕಥೆಯಿಂದ ಹರಡಿದ ಮಾತು.

ಈ ಗುರುತು ಕಂಡರೆ ನಿಲ್ಲಿ

ಒಂದೇ ಕಥೆಗೆ ಬೇರೆ ಬೇರೆ ರಾಜರು. ದನದ ಸೊಂಟದ ಮಾಂಸದ ರುಚಿಗೆ ಸೋತ ರಾಜ ಅದಕ್ಕೆ ‘ಸರ್’ ಪದವಿ ಕೊಟ್ಟ, ಅದೇ ‘ಸರ್ಲಾಯ್ನ್’ ಆಯಿತು ಎನ್ನುತ್ತಾರೆ. ಆ ರಾಜ ಒಬ್ಬರ ಪ್ರಕಾರ 8ನೇ ಹೆನ್ರಿ, ಇನ್ನೊಬ್ಬರ ಪ್ರಕಾರ 1ನೇ ಜೇಮ್ಸ್, ಮತ್ತೊಬ್ಬರ ಪ್ರಕಾರ 2ನೇ ಚಾರ್ಲ್ಸ್. ಅಸಲಿಗೆ ಅದು ಫ್ರೆಂಚಿನಿಂದ ಬಂದ ಪದ, ‘ಸೊಂಟದ ಮೇಲಿನ ಭಾಗ’ ಅಂತ.

ಒಂದೊಂದು ಅಕ್ಷರಕ್ಕೂ ಒಂದೊಂದು ಪದ. ಹೋಟೆಲಿನ ‘ಟಿಪ್’ ಅನ್ನು ‘ಟು ಇನ್ಶೂರ್ ಪ್ರಾಂಪ್ಟ್‌ನೆಸ್’ ಎಂದು ಬಿಡಿಸುತ್ತಾರೆ. 20ನೇ ಶತಮಾನಕ್ಕೂ ಮೊದಲು ಇಂಗ್ಲಿಷ್‌ನಲ್ಲಿ ಹೀಗೆ ಪದ ಹುಟ್ಟುವುದು ತೀರಾ ಅಪರೂಪ. ‘ಟಿಪ್’ ಅದಕ್ಕಿಂತ ಹಳೆಯದು.

ಒಂದೇ ಸಂದೇಶದಲ್ಲಿ ಹತ್ತು ನುಡಿಗಟ್ಟುಗಳ ಮೂಲ. 1999ರಲ್ಲಿ ‘1500ರ ಕಾಲದ ಬದುಕು’ ಎಂಬ ಇಮೇಲ್ ಜಗತ್ತೆಲ್ಲ ಸುತ್ತಿತು. ಮನೆಯ ಆಳುಗಳಿಗೆ ಬ್ರೆಡ್ಡಿನ ಸುಟ್ಟ ತಳ, ಅತಿಥಿಗಳಿಗೆ ಮೇಲ್ಭಾಗ, ಅದರಿಂದ ‘ಅಪ್ಪರ್ ಕ್ರಸ್ಟ್’ ಎನ್ನುವುದೂ ಅದರಲ್ಲೇ ಇತ್ತು. ಮೇಲ್ವರ್ಗ ಎನ್ನುವ ಅರ್ಥ ಬಂದದ್ದು 19ನೇ ಶತಮಾನದಲ್ಲಿ. ಆ ಇಮೇಲ್ ಇವತ್ತಿಗೂ ಕನ್ನಡಕ್ಕೆ ಅನುವಾದವಾಗಿ ಬರುತ್ತಲೇ ಇದೆ, ಗಮನಿಸಿ.

ಇನ್ನೊಂದು ಹೊಸ ಗುರುತು: ಎಐ ಚಾಟ್‌ಬಾಟ್ ಕೊಟ್ಟ ಹಳೆಯ ಉದ್ಧರಣೆ. ಸಾಲು, ಲೇಖಕ, ಇಸವಿ ಎಲ್ಲ ಅಚ್ಚುಕಟ್ಟಾಗಿರುತ್ತದೆ, ಪುಸ್ತಕದಲ್ಲಿ ಮಾತ್ರ ಆ ಸಾಲು ಇರುವುದಿಲ್ಲ. ಪುಟ ಕಾಣದಿದ್ದರೆ ಬಿಟ್ಟುಬಿಡಿ.

ಹಂತ 6: ಭಾರತದ ಹೆಸರಿದ್ದರೆ ಇನ್ನೂ ಒಂದು ಸಲ ನೋಡಿ

ನಾವು ಜಾಸ್ತಿ ಜಾರುವುದು ಇಲ್ಲೇ. ಹೊಗಳಿ ಮರುಳು ಮಾಡುವುದಕ್ಕೆ ಇಂಗ್ಲಿಷ್‌ನಲ್ಲಿ ‘ಬಟರ್ ಅಪ್’ ಎನ್ನುತ್ತಾರೆ. ಪ್ರಾಚೀನ ಭಾರತದಲ್ಲಿ ದೇವರ ಮೂರ್ತಿಗೆ ತುಪ್ಪದ ಉಂಡೆ ಎಸೆದು ವರ ಬೇಡುತ್ತಿದ್ದರು, ಅದೇ ಮೂಲ ಎಂಬ ಕಥೆ ವಿದೇಶಿ ವೆಬ್‌ಸೈಟುಗಳಲ್ಲೂ ಇದೆ. ನಮಗೆ ಅದು ಥಟ್ಟನೆ ಸರಿ ಎನಿಸುತ್ತದೆ. ಮದುರೈ ಮೀನಾಕ್ಷಿ ದೇವಸ್ಥಾನದಲ್ಲಿ ಭಕ್ತರು ಮೂರ್ತಿಗಳಿಗೆ ಬೆಣ್ಣೆ ಉಂಡೆ ಎಸೆಯುತ್ತಿದ್ದದ್ದುಂಟು, ನಮ್ಮ ಊರುಗಳ ಆಂಜನೇಯನಿಗೆ ಬೆಣ್ಣೆ ಅಲಂಕಾರ ಇದೆ, ಕನ್ನಡದಲ್ಲೂ ‘ಬೆಣ್ಣೆ ಹಚ್ಚುವುದು’ ಇದೆ.

‘ಬಟರ್ ಅಪ್’ 18ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷ್‌ನಲ್ಲಿದೆ. ಆಗ ಈಸ್ಟ್ ಇಂಡಿಯಾ ಕಂಪನಿಯವರು ಇಲ್ಲೇ ಇದ್ದರು, ಹಾಗಾಗಿ ಇಸವಿಯೊಂದರಿಂದಲೇ ಕಥೆಯನ್ನು ತಳ್ಳಿಹಾಕಲು ಆಗುವುದಿಲ್ಲ. ಕೊರತೆ ಇರುವುದು ಬೇರೆ ಕಡೆ. ದೇವಸ್ಥಾನದ ಬೆಣ್ಣೆಯನ್ನು ಈ ಮಾತಿಗೆ ಜೋಡಿಸುವ ಒಂದೇ ಒಂದು ಹಳೆಯ ಸಾಲೂ ಸಿಕ್ಕಿಲ್ಲ. ಬ್ರೆಡ್ಡಿಗೆ ಬೆಣ್ಣೆ ಸವರುವ ದೇಶಕ್ಕೆ ಈ ಮಾತು ಹೊಳೆಯಲು ಮದುರೈಗೆ ಬರಬೇಕಾಗಿಯೂ ಇರಲಿಲ್ಲ.

ನಿಜವಾಗಿ ಇಲ್ಲಿಂದ ಹೋದ ಮಾತು ಹೇಗಿರುತ್ತದೆ ಎಂದು ತಿಳಿಯಬೇಕಾದರೆ ‘ಹಾಬ್ಸನ್-ಜಾಬ್ಸನ್’ನಲ್ಲಿ ‘ಮುಲಿಗಟಾನಿ’ ತೆಗೆಯಿರಿ. ತಮಿಳಿನ ‘ಮಿಳಗು ತಣ್ಣೀರ್’, ಅಂದರೆ ಮೆಣಸಿನ ನೀರು. ಖಿಚಡಿ ‘ಕೆಜರಿ’ ಆದದ್ದೂ ಅಲ್ಲಿದೆ. ಕೋಶದ ನಮೂದುಗಳಲ್ಲಿ ಬಳಕೆಯ ಸಾಲುಗಳು ಇಸವಿ ಸಮೇತ ಇರುತ್ತವೆ. ಬಟರ್‌ ಕಥೆಗೆ ಇಲ್ಲದಿರುವುದು ಅದೇ.

ಹಂತ 7: ಬರೆಯುವಾಗ

‘ಮೊದಲ ಬಳಕೆ’ ಎಂದು ಬರೆಯಬೇಡಿ, ‘ಈವರೆಗೆ ಸಿಕ್ಕ ಹಳೆಯ ಬಳಕೆ’ ಎನ್ನಿ. ಗೊತ್ತಿರುವುದು, ಇರಬಹುದಾದದ್ದು, ಬರೀ ಕಥೆ, ಈ ಮೂರನ್ನೂ ಬೇರೆ ಬೇರೆ ವಾಕ್ಯದಲ್ಲಿಡಿ. ರೆಡ್ ಹೆರಿಂಗ್‌ಗೆ ಹೀಗೆ ಬರೆಯಬಹುದು:

“ಉಪ್ಪು ಹಾಕಿ ಹೊಗೆಯಲ್ಲಿ ಒಣಗಿಸಿದ ಹೆರಿಂಗ್ ಮೀನಿಗೆ ಈ ಹೆಸರು. ದಾರಿ ತಪ್ಪಿಸುವ ಅರ್ಥವನ್ನು ಹರಡಿದ್ದು 1807ರಲ್ಲಿ ವಿಲಿಯಂ ಕಾಬೆಟ್ ಬರೆದ ಲೇಖನ. ಬೇಟೆನಾಯಿಗಳನ್ನು ಏಮಾರಿಸುವುದು ರೂಢಿಯಲ್ಲಿತ್ತು ಎನ್ನಲು ಆಧಾರ ಕಾಣುವುದಿಲ್ಲ.”

ಇಷ್ಟೇ. ಉದ್ದ ಮಾಡಲು ಹೋದಾಗಲೇ ಜೈಲು, ಪೊಲೀಸ್ ನಾಯಿ ಎಲ್ಲ ಒಳಗೆ ನುಗ್ಗುವುದು.

ಅರ್ಥವನ್ನು ಕನ್ನಡಕ್ಕೆ ತರುವಾಗ ಪದಕ್ಕೆ ಪದ ಇಡಬೇಡಿ. ‘ಪೀಸ್ ಆಫ್ ಕೇಕ್’ ಅನ್ನು ಸಬ್‌ಟೈಟಲ್‌ನಲ್ಲಿ ‘ಕೇಕಿನ ತುಂಡು’ ಮಾಡಿದ್ದನ್ನು ನೋಡಿರುತ್ತೀರಿ. ‘ನೀರು ಕುಡಿದಷ್ಟು ಸುಲಭ’ ಇರುವಾಗ ಅದೇಕೆ? ರೆಡ್ ಹೆರಿಂಗ್‌ಗೆ ಜಾಗ ನೋಡಿ ‘ದಾರಿ ತಪ್ಪಿಸುವ ಸುಳಿವು’ ಅಥವಾ ‘ವಿಷಯ ಮರೆಸುವ ಮಾತು’ ಎನ್ನಬಹುದು.

ಆಧಾರವಾಗಿ ಬಳಸಿದ ಪ್ರತಿ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಜೊತೆಗೆ ಆ ಪುಸ್ತಕದ ಶೀರ್ಷಿಕೆ ಪುಟದ್ದೂ ಇರಲಿ. ಯಾರಾದರೂ ಇನ್ನೂ ಹಳೆಯ ಸಾಲು ತೋರಿಸಿದರೆ ಅದನ್ನೂ ಹಂತ 4ರಿಂದ ದಾಟಿಸಿ. ನಿಂತರೆ ನಿಮ್ಮ ಬರಹದ ಇಸವಿ ಬದಲಿಸಿ, ಬದಲಿಸಿದ ದಿನಾಂಕವನ್ನು ಮೇಲೆಯೇ ಹಾಕಿ. ತಪ್ಪು ಕಥೆಯನ್ನು ಈಗಾಗಲೇ ಗ್ರೂಪಿಗೆ ಕಳಿಸಿದ್ದರೆ ಸರಿಯಾದದ್ದನ್ನು ಅದೇ ಸಂದೇಶಕ್ಕೆ ರಿಪ್ಲೈ ಆಗಿ ಹಾಕಿ. ಬೇರೆಯಾಗಿ ಹಾಕಿದರೆ ಎರಡೂ ಬೇರೆ ಬೇರೆ ದಾರಿ ಹಿಡಿದು ಫಾರ್ವರ್ಡ್ ಆಗುತ್ತವೆ.